ಪಡಸಾಲೆಯ ಗಡಿಯಾರ, ದುಬಲಗುಂಡಿಯ ಬಸ್ಸು

ನಮ್ಮ ಮನೆಯಲ್ಲಿ ತಪ್ಪು ಒಪ್ಪಿಕೊಳ್ಳದೆ ಯಾರೂ ಉಣ್ಣುವಂತಿರಲಿಲ್ಲ. ಸಂಜೆ ದೀಪ ಹಚ್ಚಿ, ಪಡಸಾಲೆಯಲ್ಲಿ ಸಾಲಾಗಿ ತಾಟು ಹಾಕಿ, ಅವ್ವ ರೊಟ್ಟಿಯ ಬುಟ್ಟಿ ತಂದಿಟ್ಟ ಮೇಲೆ ಅಪ್ಪ ಎಲ್ಲರ ಮುಖವನ್ನೂ ಒಂದು ಸುತ್ತು ನೋಡುತ್ತಿದ್ದ. ಆಮೇಲೆ, "ಇವತ್ತಿನ ತಪ್ಪೇನು?" ಎಂದು ಕೇಳುತ್ತಿದ್ದ. ತಮ್ಮ ಬಸು ಬಳಪ ಕಳೆದದ್ದನ್ನು ಹೇಳುತ್ತಿದ್ದ, ನಾನು ಯಾರದೋ ಜಡೆ ಎಳೆದದ್ದನ್ನು ಹೇಳುತ್ತಿದ್ದೆ, ಅವ್ವ ಸಹ ಪಲ್ಯಕ್ಕೆ ಉಪ್ಪು ಹೆಚ್ಚಾಯಿತೆಂದು ತಲೆ ತಗ್ಗಿಸಿ ಹೇಳಿಬಿಡುತ್ತಿದ್ದಳು. ತಪ್ಪು ಮಾಡಿದವರಿಗೆ ಆವತ್ತು ರೊಟ್ಟಿಗೆ ತುಪ್ಪವಿಲ್ಲ. ಮುಚ್ಚಿಟ್ಟು ಸಿಕ್ಕಿಬಿದ್ದವರಿಗೆ ವಾರವಿಡೀ ಇಲ್ಲ. ಅಪ್ಪನ ತಾಯಿ, ನಮ್ಮ ಆಯಿ, ಈ ಕಟ್ಟಳೆಗೆ ಜಪ್ಪಯ್ಯ ಎಂದರೂ ಬಗ್ಗುತ್ತಿರಲಿಲ್ಲ. ಅವಳ ಸರದಿ ಬಂದಾಗ ದಿನವೂ ಒಂದೇ ಉತ್ತರ.

"ನಿನ್ನ ಹಡದಿದ್ದೇ ನನ್ನ ತಪ್ಪು. ನೀಡಬೇ, ತುಪ್ಪಾ ನೀಡು."

ನಾವು ಮಕ್ಕಳು ನಗು ತಡೆಯಲಾರದೆ ತಾಟಿನೊಳಗೆ ಮುಖ ಹುದುಗಿಸುತ್ತಿದ್ದೆವು. ಅಪ್ಪನ ತುಟಿಯೂ ಒಂದಿಷ್ಟು ಸಡಿಲಾಗುತ್ತಿತ್ತು. ಅಪ್ಪ ತನ್ನ ತಪ್ಪು ಹೇಳಿದ್ದನ್ನು ಮಾತ್ರ ನಾನು ಕೇಳಿರಲಿಲ್ಲ. ಕೇಳಬೇಕೆಂದು ನಮಗ್ಯಾರಿಗೂ ಹೊಳೆದಿರಲೂ ಇಲ್ಲ.

ಮನೆ ಇದ್ದದ್ದು ಹುಮನಾಬಾದಿನಲ್ಲಿ. ಒಂದು ಪಡಸಾಲೆ, ಅದರ ಹಿಂದೆ ಅಡುಗೆಮನೆ, ಪಕ್ಕದಲ್ಲಿ ಕಾಳಿನ ಚೀಲ ಮತ್ತು ಹಾಸಿಗೆ ಎರಡನ್ನೂ ಹಿಡಿಸುತ್ತಿದ್ದ ಒಂದು ಕತ್ತಲೆ ಖೋಲಿ. ಹಿತ್ತಲಿನ ಗಿಡ್ಡ ಗೋಡೆಯ ಆಚೆ ಅಪ್ಪ ಹೆಡ್ ಮಾಸ್ತರನಾಗಿದ್ದ ಸಾಲಿ. ಆದರೆ ಅಪ್ಪ ತನ್ನನ್ನು ಹುಮನಾಬಾದಿನವನೆಂದು ಎಂದೂ ಹೇಳಿಕೊಳ್ಳಲಿಲ್ಲ. ಅವನು ಹುಟ್ಟಿದ್ದು ಬಸವಕಲ್ಯಾಣದಲ್ಲಿ. "ನಾವು ಕಲ್ಯಾಣದ ಮಂದಿ" ಎನ್ನುವಾಗ ಅವನ ಬೆನ್ನು ನೆಟ್ಟಗಾಗುತ್ತಿತ್ತು. ಶರಣರು ಮೇಲು ಕೀಳೆನ್ನದೆ ಒಂದೇ ಜಮಖಾನದ ಮೇಲೆ ಕೂತ ಊರು ಅದು, ಅಲ್ಲಿಂದ ಬಂದವನು ಭೇದ ಮಾಡಿದರೆ ನಾಲಿಗೆಯಲ್ಲಿ ಹುಳ ಬೀಳಲಿ ಎನ್ನುತ್ತಿದ್ದ. ಬೆಲ್ಲದ ಅಚ್ಚು ಬಂದರೆ ದಾರ ಹಿಡಿದು ಅಳೆದು ಒಡೆಯುತ್ತಿದ್ದ. ಬಸು ಸದಾ ಕಾಯಿಲೆಯ ಹುಡುಗ, ಅವನಿಗೆ ಒಂದು ಚೂರು ಹೆಚ್ಚು ಕೊಡೆಂದು ಆಯಿ ಜಗಳಕ್ಕೇ ನಿಲ್ಲುತ್ತಿದ್ದಳು. ಅಪ್ಪ ಜಗ್ಗುತ್ತಿರಲಿಲ್ಲ. ಅವ್ವ ಎದುರು ಮಾತಾಡಿದ್ದು ನನಗೆ ಒಂದೇ ಸಲ ನೆನಪಿದೆ. ಅದೂ ರೊಟ್ಟಿ ಬಡಿಯುತ್ತ, ಮುಖ ತಿರುಗಿಸದೆ.

"ನಾ ಹಸಿವಿ ನೋಡಿ ರೊಟ್ಟಿ ಹಾಕತೀನ್ರಿ, ತಲಿ ಎಣಿಸಿ ಅಲ್ಲ."

ಸಾಲಿಯಲ್ಲೂ ಅದೇ ದಾರ, ಅದೇ ಅಳತೆ. ತಡವಾಗಿ ಬಂದವರಿಗೆ ಅಂಗೈ ಮೇಲೆ ಎರಡು ಛಡಿ ಏಟು. ಯಾಕೆ ತಡವಾಯಿತೆಂದು ಅಪ್ಪ ಕೇಳುತ್ತಿರಲಿಲ್ಲ. ಅದನ್ನೊಂದು ತತ್ವವನ್ನಾಗಿಯೇ ಮಾಡಿಕೊಂಡಿದ್ದ. ಕಾರಣ ಕೇಳಿದರೆ ಸಾಹುಕಾರನ ಮಗನಿಗೆ ಒಳ್ಳೆಯ ಕಾರಣವೇ ಇರುತ್ತದೆ, ಬಡವನ ಮಗ ಬಾಯಿ ಬಿಡಲಾರ. ಆದ್ದರಿಂದ ಯಾರನ್ನೂ ಕೇಳದಿರುವುದೇ ಇನ್ಸಾಫು, ಅದೇ ನ್ಯಾಯ. ಈಗ ಯೋಚಿಸಿದರೂ ಆ ಮಾತಿನಲ್ಲಿ ಅರ್ಧ ಸತ್ಯ ಇತ್ತು, ಅದಕ್ಕೇ ಅದು ಎಲ್ಲರನ್ನೂ ಅಷ್ಟು ಸಲೀಸಾಗಿ ನಂಬಿಸಿತು. ಒಮ್ಮೆ ಲೆಕ್ಕ ಮಾಡದೆ ಬಂದದ್ದಕ್ಕೆ ಅಪ್ಪ ನನಗೂ ಎಲ್ಲರೆದುರು ಹೊಡೆದ, ಉಳಿದವರಿಗಿಂತ ಜೋರಾಗಿಯೇ. ಕೈ ಬಾತುಕೊಂಡರೂ ನನಗೆ ಒಳಗೊಳಗೆ ಹೆಮ್ಮೆ. ಆವತ್ತು ಬಿಡುವಿನಲ್ಲಿ ಬೇವಿನ ಮರದ ಕೆಳಗೆ ಹುಡುಗಿಯರ ನ್ಯಾಯ ಪಂಚಾಯಿತಿಯೇ ಕೂಡಿತು. ಸರ್ ಮಗಳನ್ನೂ ಬಿಡಲಿಲ್ಲ, ಇಂಥ ಮಾಸ್ತರ್ ಸಿಗುವುದಿಲ್ಲ ಎಂದು ಎಲ್ಲರೂ ತಲೆಯಾಡಿಸಿದರು. ಒಬ್ಬಳು ಮಾತ್ರ ಬೇವಿನ ಕಡ್ಡಿಯಿಂದ ನೆಲ ಗೀರುತ್ತ, ನನ್ನ ಹೆಸರು ಹಿಡಿದೇ ಅಂದಳು:

"ಗಂಗೂ ಗ್ವಾಡಿ ಜಿಗದ್ರ ಸಾಲಿ. ನಾ ದುಬಲಗುಂಡಿಯಿಂದ ಬಸ್ಸಿಗಿ ಬರತೀನಿ. ತಡಾ ಆದ್ರ ಇಬ್ಬರಿಗೂ ಎರಡೇ ಏಟು. ಇದು ಹ್ಯಾಂಗ ಒಂದೇ ಆಯ್ತು?"

ಅವಳು ರತ್ನಾ. ಅವಳ ಊರಿನ ಸಾಲಿ ನಾಲ್ಕನೇ ಇಯತ್ತೆಗೇ ಮುಗಿಯುತ್ತಿತ್ತು, ಅದಕ್ಕೇ ಇಲ್ಲಿಗೆ ಬರುತ್ತಿದ್ದಳು. ಅವಳವ್ವ ಬೇರೆಯವರ ಹೊಲದಲ್ಲಿ ಕೂಲಿಗೆ ಹೋಗುತ್ತಿದ್ದಳು, ಗೋಡೆಯ ಮೇಲೆ ಬುದ್ಧನ ಪಟ ಇದ್ದ ಮನೆ. ಬೆಳಿಗ್ಗೆ ಆ ಕಡೆಯಿಂದ ಇದ್ದದ್ದು ಒಂದೇ ಬಸ್ಸು. ಅದರಿಂದ ಇಳಿದು ಓಡಿಬಂದರೂ ರತ್ನಾ ಬಾಗಿಲಿಗೆ ಬರುವಷ್ಟರಲ್ಲಿ ಪ್ರಾರ್ಥನೆ ಮುಗಿದು ಹಾಜರಿ ನಡೆದಿರುತ್ತಿತ್ತು. ಬರುವುದು, ಕೈ ಚಾಚುವುದು, ಎರಡು ಏಟು ತಿನ್ನುವುದು, ಕೂಡುವುದು. ವಾರದಲ್ಲಿ ಐದು ದಿನ ಇದೇ ಆಯಿತು. ನಾವು ಅದಕ್ಕೆ ಎಷ್ಟು ಒಗ್ಗಿಹೋಗಿದ್ದೆವೆಂದರೆ, ಆ ಸಪ್ಪಳ ಆದಾಗ ಪಾಟಿಯಿಂದ ತಲೆ ಎತ್ತುತ್ತಲೂ ಇರಲಿಲ್ಲ. ಆವತ್ತು ಅವಳ ಪ್ರಶ್ನೆ ಕೇಳಿ ನನಗೆ ಸಿಟ್ಟು ಬಂತು. "ಬಸ್ಸು ತಡಾ ಮಾಡಿದ್ರ ಡ್ರೈವರಗ ಕೇಳು, ನಮ್ಮಪ್ಪಗ ಯಾಕ ಅಂತಿ?" ಎಂದು ಬಾಯಿ ಮಾಡಿದೆ.

ಇನ್ನು ಗಡಿಯಾರದ ಸಂಗತಿ. ಅದು ಅಪ್ಪನ ಮದುವೆಯಲ್ಲಿ ಅವ್ವನ ತವರಿನವರು ಕೊಟ್ಟದ್ದು, ಪಡಸಾಲೆಯ ನಡುಗೋಡೆಯ ಮೇಲೆ ಇತ್ತು. ಸಾಲಿಯ ಗಡಿಯಾರ ಕೆಟ್ಟು ಎಷ್ಟೋ ಕಾಲವಾಗಿತ್ತು. ಹೀಗಾಗಿ ಚಪರಾಸಿ ಖಾಜಾ ಚಾಚಾ ದಿನವೂ ಹಿತ್ತಲ ಗೋಡೆಯ ಆಚೆ ನಿಂತು, "ಬೇಟೀ, ಟೈಮ್ ಆಯ್ತೇನು?" ಎಂದು ಕೂಗುತ್ತಿದ್ದ. ನಾನು ಪಡಸಾಲೆಗೆ ಓಡಿ ನೋಡಿ, ಹತ್ತಾಗಿದ್ದರೆ ಕೈ ಎತ್ತುತ್ತಿದ್ದೆ. ಅವನು ಬೇವಿನ ಮರಕ್ಕೆ ತೂಗುಹಾಕಿದ್ದ ರೈಲು ಹಳಿಯ ತುಂಡಿಗೆ ಬಡಿಯುತ್ತಿದ್ದ. ಆ ಕೆಲಸ ನನ್ನದೆಂದು ನನಗೆ ಭಾರೀ ಜಂಬ. ಅಪ್ಪನ ಕೈಗಡಿಯಾರಕ್ಕೂ ಅದೇ ಗಡಿಯಾರ ಗುರು, ಬೆಳಿಗ್ಗೆ ಅದನ್ನು ನೋಡಿಯೇ ಮುಳ್ಳು ತಿರುಗಿಸಿ ಕೈಗೆ ಕಟ್ಟುತ್ತಿದ್ದ.

ಬೆಳಗಿನ ಪೂಜೆಗೆ ಕೂತರೆ ಅಪ್ಪ ಈ ಲೋಕದವನಲ್ಲ. ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಕಣ್ಣು ಮುಚ್ಚಿದನೆಂದರೆ ಒಲೆಯ ಮೇಲಿನ ಬೇಳೆ ಹೊತ್ತಿದರೂ ಏಳುತ್ತಿರಲಿಲ್ಲ. ಹೆಡ್ ಮಾಸ್ತರನೇ ತಡವಾಗಿ ಹೋದರೆ ಊರು ನಗುತ್ತದೆಂದು ಆಯಿಗೆ ದಿಗಿಲು. ಒಂದು ದಿನ ಅಪ್ಪ ಸ್ನಾನಕ್ಕೆ ಹೋಗಿದ್ದಾಗ ನನ್ನಿಂದ ಸ್ಟೂಲು ಹಿಡಿಸಿ, ಮೇಲೆ ಹತ್ತಿ, ಬೆರಳಿನಿಂದ ದೊಡ್ಡ ಮುಳ್ಳನ್ನು ಒಂದಿಷ್ಟು ಮುಂದೆ ತಳ್ಳಿದಳು. ಅಪ್ಪ ಗಾಬರಿಯಾಗಿ ಪೂಜೆಯಿಂದ ಎದ್ದ. ಆಯಿ ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕಳು. ಆದರೆ ಕೆಲವೇ ದಿನಗಳಲ್ಲಿ ಅಪ್ಪನ ಮೈ ಆ ಹೊಸ ವೇಳೆಗೂ ಒಗ್ಗಿ ಮತ್ತೆ ಸಾವಕಾಶವಾಯಿತು. ಆಯಿ ಮತ್ತೆ ತಳ್ಳಿದಳು. ಹೀಗೆ ಎಷ್ಟು ಸಲವೋ. ಪ್ರತಿ ಸಲವೂ ಸ್ಟೂಲು ಹಿಡಿದವಳು ನಾನೇ.

"ಯಾರ ಮುಂದೂ ಬಾಯಿ ಬಿಡಬ್ಯಾಡ. ನನ್ನ ಆಣಿ ಅದ ನೋಡು."

ಸಾಲಿ ಬೇಗ ಶುರುವಾಗುತ್ತಿತ್ತು, ಬೇಗ ಬಿಡುತ್ತಿತ್ತು. ಬೇಗ ಬಿಟ್ಟರೆ ಬೇಡ ಎನ್ನುವವರು ಯಾರು? ಉಳಿದ ಮಕ್ಕಳು ಅಕ್ಕಪಕ್ಕದ ಓಣಿಯವರು, ಹಳಿ ಬಡಿದ ಸದ್ದು ಕೇಳಿ ಓಡಿಬಂದರೆ ಆಯಿತು. ಆ ಸದ್ದು ಕೇಳದಷ್ಟು ದೂರದಿಂದ ಬರುತ್ತಿದ್ದವಳು ರತ್ನಾ ಒಬ್ಬಳೇ. ಇದು ನನಗೆ ಆಗ ಹೊಳೆದಿರಲಿಲ್ಲ. ದೇವರಾಣೆ ಹೊಳೆದಿರಲಿಲ್ಲ.

ಹೊಳೆದದ್ದು ಚಿಗವ್ವನ ದೆಸೆಯಿಂದ. ಅವ್ವನ ತಂಗಿ ನಾಲ್ಕು ದಿನ ಇದ್ದು ಕಲ್ಯಾಣಕ್ಕೆ ಹೊರಟಿದ್ದಳು, ರೊಟ್ಟಿಯ ಗಂಟನ್ನು ಮನೆಯಲ್ಲೇ ಬಿಟ್ಟು ಬಸ್ ಸ್ಟ್ಯಾಂಡಿಗೆ ಹೋಗಿಬಿಟ್ಟಳು. ಅವ್ವ ಅದನ್ನು ನನ್ನ ಕೈಗೆ ಕೊಟ್ಟು ಓಡು ಅಂದಳು. ಹೊರಡುವಾಗ ಪಡಸಾಲೆಯಲ್ಲಿ ಹತ್ತಕ್ಕೆ ಹತ್ತು ನಿಮಿಷ ಬಾಕಿ. ಚಾಚಾನಿಗೆ ಕೈ ಎತ್ತುವ ಕೆಲಸ ಬಸುಗೆ ಒಪ್ಪಿಸಿ, ಇವತ್ತು ಏಟು ಖಾತ್ರಿ ಎಂದುಕೊಂಡೇ ಓಡಿದೆ. ಗಂಟು ಕೊಟ್ಟು, ಚಿಗವ್ವ ಕೆನ್ನೆ ಹಿಂಡಿ, ಊರಿನ ಸುದ್ದಿಯನ್ನೆಲ್ಲ ಎರಡೆರಡು ಸಲ ಹೇಳಿ, ಬಸ್ಸು ಹತ್ತುವಷ್ಟರಲ್ಲಿ ಸಾಕಷ್ಟು ಹೊತ್ತು ಹೋಯಿತು. ತಿರುಗಿ ನೋಡಿದರೆ ಸ್ಟ್ಯಾಂಡಿನ ಕಿಟಕಿಯ ಮೇಲಿನ ದೊಡ್ಡ ಗಡಿಯಾರದಲ್ಲೂ ಹತ್ತಕ್ಕೆ ಹತ್ತು ನಿಮಿಷ ಬಾಕಿ. ಓಡಿಬಂದದ್ದು, ಚಿಗವ್ವನ ಪುರಾಣ ಕೇಳಿದ್ದು, ಎಲ್ಲ ಎಲ್ಲಿ ಹೋಯಿತು? ಅಷ್ಟರಲ್ಲಿ ದುಬಲಗುಂಡಿಯ ಬಸ್ಸು ಬಂತು. ಅದು ಪೂರಾ ನಿಲ್ಲುವ ಮೊದಲೇ ರತ್ನಾ ಜಿಗಿದು, ಪಾಟಿಚೀಲ ಎದೆಗೆ ಅವಚಿಕೊಂಡು ಓಡಲು ಶುರು ಮಾಡಿದಳು. ನಾನೂ ಅವಳ ಬೆನ್ನಿಗೆ ಬಿದ್ದೆ.

"ಇನ್ನಾ ಟೈಮ್ ಅದಲ್ಲೇ! ಆ ಗಡಿಯಾರ ನೋಡು!"

"ಅದು ಹಿಂದ ಅದಂತ. ನಾ ಒಂದ್ ಸಲಾ ಸರ್ ಮುಂದ ಹೇಳಿದ್ದೆ. ಸ್ಟ್ಯಾಂಡಿಂದು ಹಿಂದ ಅದ, ನಮ್ಮ ಗಡಿಯಾರ ಬರಾಬ್ಬರಿ ಅದ ಅಂದ್ರು. ಅಂದು, ಎರಡು ಕೊಟ್ರು."

ಏದುಸಿರು ಬಿಡುತ್ತ ಬಾಗಿಲಿಗೆ ಬಂದಾಗ ಹಾಜರಿ ನಡೆದಿತ್ತು. ಅಪ್ಪ ನನ್ನನ್ನು ನೋಡಿ ಒಂದು ಗಳಿಗೆ ತಡೆದ. ಆಮೇಲೆ ರತ್ನಾಳಿಗೆ ಎರಡು, ನನಗೆ ಎರಡು. ಬಿಡುವಿನಲ್ಲಿ ನೀರಿನ ಹರವಿಯ ತಂಪು ಹೊಟ್ಟೆಗೆ ಅಂಗೈ ಒತ್ತಿ ನಿಂತಿದ್ದಾಗ ರತ್ನಾ ಬಂದು ತನ್ನ ಕೈಯನ್ನೂ ಪಕ್ಕದಲ್ಲಿ ಒತ್ತಿದಳು. ಹಳೆಯ ಜಗಳ ಅವಳಿಗೆ ನೆನಪೇ ಇದ್ದಂತಿರಲಿಲ್ಲ.

"ನಾ ಈ ತಿಂಗಳು ಆದ್ ಮ್ಯಾಲ ಬರೂದಿಲ್ಲ ಗಂಗೂ. ದಿನಾ ಹೊಡಸ್ಕೊಂಡು ಬರೂದಾದ್ರ ಸಾಲಿ ಯಾಕ ಬೇಕು, ನನ್ ಸಂಗಟ ಕಳೇ ತಗ್ಯಾಕ ಬಾ ಅನ್ನಾಕತ್ಯಾಳ ನಮ್ಮವ್ವ. ನಾನೇ ದಾರ್‍ಯಾಗ ಆಟಾ ಆಡ್ಕೋತ ಬರತೀನಿ ಅಂತ ಆಕಿ ತಿಳಕೊಂಡಾಳ."

ಸ್ಟ್ಯಾಂಡಿನ ಗಡಿಯಾರ ಹಿಂದಿಲ್ಲ, ನಮ್ಮದೇ ಮುಂದಿದೆ ಎಂದು ನನಗೆ ಆಗ ಪೂರಾ ತಿಳಿಯಿತು. ಆಗಲೇ ಹೇಳಬಹುದಿತ್ತು. "ಏ ರತ್ನಾ, ನಿಂದೇನೂ ತಪ್ಪಿಲ್ಲ, ನಮ್ಮ ಆಯಿ ಮುಳ್ಳು ತಿರುಗಿಸ್ಯಾಳ" ಎಂದರೆ ಮುಗಿಯುತ್ತಿತ್ತು. ಆಯಿಯ ಆಣೆ ಒಂದು ಕಡೆ. ನಿಜ ಹೇಳಬೇಕೆಂದರೆ ಆಣೆಗಿಂತ ದೊಡ್ಡದು ಇನ್ನೊಂದಿತ್ತು. ನನ್ನಪ್ಪ ತಪ್ಪು ಮಾಡಿದ ಎಂದು ಅವಳ ಮುಂದೆ ಹೇಳಲು ನನ್ನ ನಾಲಿಗೆ ಏಳಲಿಲ್ಲ. ಮೂರು ದಿನ ಸುಮ್ಮನಿದ್ದೆ. ಆ ಮೂರು ದಿನವೂ ನಾನೇ ಕೈ ಎತ್ತಿದೆ, ಚಾಚಾ ಹಳಿ ಬಡಿದ, ರತ್ನಾ ಬಂದು ಅಂಗೈ ಚಾಚಿದಳು. ನಾಲ್ಕನೆಯ ಸಂಜೆ ತಾಟಿನ ಮುಂದೆ ಅಪ್ಪ ನನ್ನ ಕಡೆ ತಿರುಗಿ, "ಇವತ್ತಿನ ತಪ್ಪೇನು?" ಎಂದು ಕೇಳಿದಾಗ ಅಳು ಒತ್ತರಿಸಿ ಬಂದು ಎಲ್ಲವನ್ನೂ ಕಕ್ಕಿಬಿಟ್ಟೆ. ಸ್ಟೂಲು, ಮುಳ್ಳು, ಆಣೆ, ಸ್ಟ್ಯಾಂಡಿನ ಗಡಿಯಾರ, ಕಳೆ ತೆಗೆಯುವ ಮಾತು, ಎಲ್ಲ.

ಅಪ್ಪ ಉಣ್ಣದೆ ಎದ್ದು, ಚಪ್ಪಲಿ ಮೆಟ್ಟಿ ಹೊರಗೆ ಹೋದ. ಸ್ಟ್ಯಾಂಡಿನವರೆಗೆ ಹೋಗಿದ್ದನೆಂದು ಆಮೇಲೆ ತಿಳಿಯಿತು. ಬಂದವನು ಸ್ಟೂಲು ತಾನೇ ಎಳೆದು ಹತ್ತಿ, ಅಲ್ಲಿ ಹೊಂದಿಸಿಕೊಂಡು ಬಂದಿದ್ದ ಕೈಗಡಿಯಾರ ನೋಡುತ್ತ ಗೋಡೆಯ ಗಡಿಯಾರದ ಮುಳ್ಳನ್ನು ಹಿಂದಕ್ಕೆ ತಂದ. ಪೂರಾ ಒಂದು ಪಾವು ತಾಸು, ಹದಿನೈದು ನಿಮಿಷ. ಆಯಿ ಕೂತಲ್ಲಿಂದಲೇ ಬಾಯಿ ತೆಗೆದಳು.

"ನಿನ್ನ ಪೂಜಿ ಮುಗಿಯವಲ್ದು ಅಂತ ನಾ ತಿರುಗಿಸಿದೆ ಖರೆ. ಆ ಹುಡುಗಿಗಿ ಹೊಡಿ ಅಂತ ನಾ ಹೇಳಿದ್ನೇನು? ಯಾಕ ತಡಾ ಆಯ್ತವ್ವಾ ಅಂತ ಒಂದ್ ದಿನಾ ಕೇಳಿದ್ದ್ಯಾ?"

"ಹೇಳಿದ್ಳು" ಎಂದ ಅಪ್ಪ. ಅಷ್ಟೇ ಅಂದ. ಗೋಡೆಯ ಕಡೆಗೇ ಮುಖ ಇತ್ತು.

ಮರುದಿನ ಬೆಳಿಗ್ಗೆ ನನಗೆ ಹಬ್ಬ. ಅಪ್ಪ ಎಲ್ಲರ ಮುಂದೆ ಹೇಳುತ್ತಾನೆ ಎಂಬುದರಲ್ಲಿ ನನಗೆ ಸಂಶಯವೇ ಇರಲಿಲ್ಲ. ಕಲ್ಯಾಣದ ಮನುಷ್ಯ. ಮನೆಯಲ್ಲಿ ಉಪ್ಪು ಹೆಚ್ಚಾದರೂ ಒಪ್ಪಿಸುವವನು. ಚಾಚಾ ಬಂದು ಕೂಗಿದ, ನಾನು ಹತ್ತಾಗುವವರೆಗೂ ಕೈ ಎತ್ತಲಿಲ್ಲ, ಎತ್ತಿದವಳೇ ಗೋಡೆ ಜಿಗಿದು ಚಾಚಾ ಬೇವಿನ ಮರ ಮುಟ್ಟುವ ಮೊದಲೇ ಕ್ಲಾಸಿಗೆ ಓಡಿದೆ. ಮಕ್ಕಳು ಕ್ಲಾಸಿನಲ್ಲಿ ಕೂತು ಗಂಟೆಗೆ ಕಾಯುತ್ತಿದ್ದಾಗಲೇ ರತ್ನಾ ಬಾಗಿಲಿಗೆ ಬಂದಳು. ಅಪ್ಪ ಮೇಜಿನ ಹತ್ತಿರ ನಿಂತಿದ್ದ. ಅವಳು ಅಭ್ಯಾಸಬಲದಿಂದ ಸೀದಾ ಅವನ ಮುಂದೆ ಬಂದು, ಕಣ್ಣು ಕಿರಿದು ಮಾಡಿ, ಅಂಗೈ ಚಾಚಿದಳು. ಅದೇ ಹೊತ್ತಿಗೆ ಹೊರಗೆ ಹಳಿಯ ಸದ್ದು ಆಯಿತು. ಹುಡುಗರು ಘೊಳ್ಳೆಂದು ನಕ್ಕರು.

ಅಪ್ಪ ಛಡಿಯನ್ನು ಮೇಜಿನ ಮೇಲೆ ಇಟ್ಟ. ಗಂಟಲು ಸರಿಮಾಡಿಕೊಂಡ. ಬಂತು, ಆ ಮಾತು ಬಂತು ಎಂದು ನಾನು ಮುಂದಕ್ಕೆ ಬಾಗಿ ಕೂತೆ.

"ರತ್ನಾ ಇವತ್ತು ಬರಾಬ್ಬರಿ ಟೈಮಿಗಿ ಬಂದಾಳ ನೋಡ್ರಿ. ಶಿಸ್ತು ಅಂದ್ರ ಹಿಂಗ ಬರತದ. ಎಲ್ಲಾರೂ ಚಪ್ಪಾಳಿ ಹೊಡೀರಿ."

ರತ್ನಾ ಕೈ ಕೆಳಗಿಳಿಸಲಿಲ್ಲ. ಅವಳಿಗೆ ಏನೂ ತಿಳಿದಂತಿರಲಿಲ್ಲ. ಮೆಲ್ಲಗೆ, ಆದರೆ ಕೊನೆಯ ಸಾಲಿಗೂ ಕೇಳುವಂತೆ ಅಂದಳು:

"ಸರ್, ನಾ ದಿನಾ ಬರೂ ಬಸ್ಸಿಗೇ ಬಂದೀನ್ರಿ."

ಅಪ್ಪನ ಮುಖದ ಬಣ್ಣ ಹೋಯಿತು. ನಾನು ನೋಡಿದೆ, ಇನ್ಯಾರು ನೋಡಿದರೋ ಗೊತ್ತಿಲ್ಲ. "ಕೂಡು" ಎಂದ. ಚಪ್ಪಾಳೆ ಬಿತ್ತು. ರತ್ನಾ ತನ್ನ ಜಾಗಕ್ಕೆ ಹೋಗುತ್ತ ನನ್ನ ಕಡೆ ನೋಡಿದಳು. ನಾನೂ ಚಪ್ಪಾಳೆ ಹೊಡೆಯುತ್ತಿದ್ದೆ. ಥೂ, ಈ ಕೈಗಳೇ. ಇಷ್ಟು ದಿನ ಅವಳು ಸೋಮಾರಿಯಾಗಿದ್ದಳು, ಏಟಿನಿಂದ ತಿದ್ದಿಕೊಂಡಳು ಎಂದೇ ಇಡೀ ಕ್ಲಾಸು ನಂಬಿತು. ಬೇವಿನ ಮರದ ಕೆಳಗೆ ಹುಡುಗಿಯರು ಅವಳಿಗೇ ಬುದ್ಧಿವಾದ ಹೇಳಿದರು.

ಆ ಸಂಜೆ ಊಟಕ್ಕೆ ಕೂತಾಗ ಅಪ್ಪ ಯಾರ ತಪ್ಪನ್ನೂ ಕೇಳಲಿಲ್ಲ. ಅವ್ವ ತುಪ್ಪದ ಗಿಂಡಿ ತಂದು ಮೊದಲು ಅವನ ತಾಟಿನ ಮೇಲೆ ಬಗ್ಗಿದಳು. ಅಪ್ಪ ಅಂಗೈಯಿಂದ ರೊಟ್ಟಿ ಮುಚ್ಚಿದ. ಮರುದಿನವೂ ಮುಚ್ಚಿದ. ಆ ವರ್ಷದ ಸಾಲಿ ಮುಗಿಯುವವರೆಗೂ ಅವನು ತುಪ್ಪ ಮುಟ್ಟಲಿಲ್ಲ. ಆಯಿ ಕಣ್ಣೊರೆಸಿಕೊಂಡು, ತನ್ನ ಮಗ ಧರ್ಮಾತ್ಮ ಎಂದು ಓಣಿಯವರ ಮುಂದೆ ಕಾರಣ ಹೇಳದೆಯೇ ಹೊಗಳಿದಳು. ಮನೆಯಲ್ಲಿ ಎಲ್ಲರ ಕರುಳೂ ಚುರುಕ್ ಎಂದಿತು, ನನ್ನದೂ. ಅಪ್ಪ ಮತ್ತೆ ಯಾರಿಗೂ ತಡವಾಗಿ ಬಂದದ್ದಕ್ಕೆ ಹೊಡೆಯಲಿಲ್ಲ. ಆದರೆ ಅವನ ಮೇಲೆ ನನಗಿದ್ದ ಆ ಹಳೆಯ ನಂಬಿಕೆ ತಿರುಗಿ ಬರಲಿಲ್ಲ, ಅಪ್ಪ ಇರುವವರೆಗೂ ನಾನು ಅದನ್ನು ಅವನಿಗೆ ಹೇಳಲೂ ಇಲ್ಲ. ರತ್ನಾ ಏಳನೇ ಇಯತ್ತೆಯವರೆಗೂ ಬಂದಳು, ಆಮೇಲೆ ಕಾಣಲಿಲ್ಲ.

ನಾನು ಕಲ್ಯಾಣದಲ್ಲೇ ಟೀಚರ್ ಆಗಿ, ನಿವೃತ್ತಿಯನ್ನೂ ಪಡೆದೆ. ಯಾರಿಗೂ ಕೈ ಎತ್ತಲಿಲ್ಲವೆಂದು ಹೇಳಿಕೊಂಡರೆ ಸುಳ್ಳಾಗುತ್ತದೆ, ಮೊದಲ ವರ್ಷಗಳಲ್ಲಿ ಎತ್ತಿದ್ದೇನೆ. ಕಾರಣ ಮಾತ್ರ ಕೇಳುತ್ತಿದ್ದೆ. ಹೋದ ತಿಂಗಳು ಒಂದು ಮದುವೆಗೆಂದು ಹುಮನಾಬಾದಿಗೆ ಹೋಗಿದ್ದೆ. ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಮೊಮ್ಮಗಳೊಂದಿಗೆ ಕೂತಿದ್ದ ಹೆಂಗಸು ನನ್ನನ್ನೇ ನೋಡುತ್ತಿದ್ದಳು. "ಗಂಗೂ ಅಲ್ಲೇನು ನೀ?" ಎಂದಾಗ ಗುರುತು ಹತ್ತಿತು. ಕೂದಲು ಪೂರಾ ಬೆಳ್ಳಗಾಗಿತ್ತು, ಮಾತು ಅದೇ. ಊರಿನ ಅಂಗನವಾಡಿಯಲ್ಲಿ ಇಷ್ಟು ವರ್ಷ ದುಡಿದೆ ಎಂದಳು. ಒಂದಿಷ್ಟು ಹೊತ್ತು ಅದೂ ಇದೂ ಮಾತಾಡಿದೆವು. ಆಮೇಲೆ ನನಗೆ ತಡೆಯಲಾಗಲಿಲ್ಲ. ಗಡಿಯಾರದ ಕಥೆಯನ್ನೆಲ್ಲ ಹೇಳಿದೆ. ಅಪ್ಪ ತುಪ್ಪ ಬಿಟ್ಟದ್ದನ್ನೂ ಹೇಳಿದೆ. ಅದನ್ನು ಹೇಳಿದರೆ ಅವಳಿಗೆ ಸಮಾಧಾನ ಆದೀತೆಂದು ಎಣಿಸಿದ್ದೆ, ಎಂಥ ಮಳ್ಳಿ ನಾನು.

ರತ್ನಾ ಮೊಮ್ಮಗಳ ಜಡೆಯ ರಿಬ್ಬನ್ ಸರಿಮಾಡುತ್ತ ಕೇಳಿಸಿಕೊಂಡಳು.

"ಅವರು ಮನ್ಯಾಗ ತುಪ್ಪಾ ಬಿಟ್ರ ನನಗ ಹ್ಯಾಂಗ ಗೊತ್ತಾಗಬೇಕು ಗಂಗೂ? ಕ್ಲಾಸಿನ್ಯಾಗ ಒಂದ್ ಮಾತು ಅಂದಿದ್ರ ಸಾಕಿತ್ತು. ನಮ್ಮವ್ವ ಸಾಯೂತನಕ ನಾನೇ ಮೈಗಳ್ಳಿ ಅಂತ ತಿಳಕೊಂಡಿದ್ಳು." ರಿಬ್ಬನ್ ಬಿಗಿದು, ದನಿ ಏರಿಸದೆ ಅಂದಳು: "ನಿನಗೂ ಗೊತ್ತಿತ್ತಲ್ಲ. ನೀ ಅನಬಹುದಿತ್ತು."

ಹೌದು ಎಂದೆ. ಮಾತು ತಿರುಗಿಸಲು, ಯಾವ ಬಸ್ಸಿಗೆ ಕಾಯುತ್ತಿದ್ದೀ ಎಂದು ಕೇಳಿದೆ. ಮಗಳ ಮನೆಗೆ ಹೊರಟಿದ್ದಾಳಂತೆ, ಬಸ್ಸು ಇನ್ನೂ ಒಂದು ತಾಸಿಗಿತ್ತು. ಇಷ್ಟು ಬೇಗ ಯಾಕೆ ಬಂದೆ, ಈಗ ದುಬಲಗುಂಡಿಯಿಂದ ಬೇಕಾದಷ್ಟು ಬಸ್ಸುಗಳಿವೆಯಲ್ಲ ಎಂದೆ. ಉತ್ತರ ಕೊಟ್ಟವಳು ಮೊಮ್ಮಗಳು, ಬೇಸತ್ತ ದನಿಯಲ್ಲಿ:

"ಆಯಿ ಎಲ್ಲಿಗಿ ಹೋಗೂದಿದ್ರೂ ಹಿಂಗೇ ಮಾಡತಾಳ್ರಿ. ಯಾವಾಗಲೂ ಒಂದ್ ಬಸ್ ಮೊದಲೇ ಕರಕೊಂಡ್ ಬರತಾಳ."

ರತ್ನಾ ನಕ್ಕಳು. ನನಗೆ ನಗಲಾಗಲಿಲ್ಲ. ಅವಳ ಬಸ್ಸು ಬರುವವರೆಗೂ ಪಕ್ಕದಲ್ಲೇ ಕೂತಿದ್ದೆ, ಮದುವೆಗೆ ತಡವಾಗಿಯೇ ಹೋದೆ.